ಮಗಳು ಬೋಟ್ಸ್ವಾನಾಕ್ಕೆ ಹೊರಟಿದ್ದಾಳೆ, ಅಲ್ಲಿ ಹೆಂಗಸರ ಬದುಕು ಹೇಗಿದೆ?

ಪ್ರಶ್ನೆ: ನನ್ನ ಮಗಳಿಗೆ ಬೋಟ್ಸ್ವಾನಾದ ರಾಜಧಾನಿ ಗಾಬೊರೋನ್‌ನಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ. ಎರಡು ವರ್ಷದ ಕಾಂಟ್ರಾಕ್ಟ್. ಆ ದೇಶದ ಬಗ್ಗೆ ಓದಲು ಕೂತರೆ ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ. ಆಫ್ರಿಕಾದಲ್ಲೇ ಒಳ್ಳೆಯ ಆಡಳಿತ ಇರುವ ದೇಶ, ಹೆಣ್ಣುಮಕ್ಕಳು ಚೆನ್ನಾಗಿ ಓದುತ್ತಾರೆ, ಅರ್ಧ ಮನೆಗಳನ್ನು ಹೆಂಗಸರೇ ನಡೆಸುತ್ತಾರೆ ಅಂತ ಒಂದು ಕಡೆ. ಹೆಂಗಸರ ಮೇಲೆ ಹಿಂಸೆ ವಿಪರೀತ, ಪಾರ್ಲಿಮೆಂಟಿನಲ್ಲಿ ಹೆಂಗಸರೇ ಇಲ್ಲ ಅಂತ ಇನ್ನೊಂದು ಕಡೆ. ಯಾವುದನ್ನು ನಂಬಲಿ? ಅಲ್ಲಿನ ಹೆಂಗಸರ ಪರಿಸ್ಥಿತಿ ನಿಜವಾಗಿ ಹೇಗಿದೆ?
– ಒಬ್ಬ ತಾಯಿ, ಹಾಸನ

ಉತ್ತರ: ನೀವು ಓದಿದ್ದು ಎರಡೂ ನಿಜ. ನಾನು ಗಾಬೊರೋನ್‌ನಲ್ಲಿ ಐದು ವರ್ಷ ಪಾಠ ಮಾಡಿದ್ದೇನೆ. ಅಲ್ಲಿನ ಕೌಟುಂಬಿಕ ಕಾನೂನು ನನ್ನ ಓದಿನ ವಿಷಯ. ಹೋದ ಹೊಸದರಲ್ಲಿ ನನಗೂ ನಿಮ್ಮ ಹಾಗೇ ತಲೆ ಕೆಟ್ಟಿತ್ತು. ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಹೆಂಗಸು. ಸರ್ಕಾರಿ ಕಚೇರಿಗೆ ಹೋದರೆ ಸಹಿ ಹಾಕುವವರು ಹೆಂಗಸು. ಸಂಜೆ ಪಕ್ಕದ ಮನೆಯಿಂದ ಹೊಡೆತದ ಸದ್ದು. ಇವೆರಡೂ ಒಂದೇ ಊರಲ್ಲಿ ಹೇಗೆ ಇರುತ್ತವೆ ಅಂತ ಅರ್ಥ ಆಗಲು ನನಗೆ ಎರಡು ವರ್ಷ ಹಿಡಿಯಿತು.

ಅರ್ಥ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬೋಟ್ಸ್ವಾನಾದಲ್ಲಿ ಬಹಳ ಕಾಲ ಮದುವೆಯಾಗದ ಹೆಂಗಸಿಗೆ ಇದ್ದ ಹಕ್ಕು ಮದುವೆಯಾದವಳಿಗೆ ಇರಲಿಲ್ಲ. ಓದು, ಕೆಲಸ, ಸಂಬಳ ಎಲ್ಲಾ ಹೆಂಗಸರಿಗೆ ಸಿಕ್ಕಿತು. ಆದರೆ ತಾಳಿ ಕಟ್ಟಿಸಿಕೊಂಡ ಕೂಡಲೇ (ಅಲ್ಲಿ ತಾಳಿ ಇಲ್ಲ, ನಮ್ಮ ಮಾತಲ್ಲಿ ಹೇಳುತ್ತಿದ್ದೇನೆ) ಕೈಲಿದ್ದ ಹಕ್ಕು ಒಂದೊಂದಾಗಿ ಜಾರಿಹೋಗುತ್ತಿತ್ತು. ಕಳೆದ ಮೂವತ್ತೈದು ವರ್ಷಗಳಲ್ಲಿ ಅಲ್ಲಿನ ಹೆಂಗಸರು ಹಿಂದಕ್ಕೆ ಪಡೆದದ್ದು ಹೆಚ್ಚಾಗಿ ಇವನ್ನೇ. ಅದೂ ಸುಮ್ನೆ ಸಿಗಲಿಲ್ಲ.

ಊರಿನ ಪರಿಚಯ ಸ್ವಲ್ಪ ಬೇಕಾಗುತ್ತದೆ. ಬೋಟ್ಸ್ವಾನಾ ನಮ್ಮ ಕರ್ನಾಟಕದ ಮೂರರಷ್ಟು ದೊಡ್ಡದು. ಜನ ಮಾತ್ರ 2022ರ ಗಣತಿಯ ಪ್ರಕಾರ ಸುಮಾರು 23.6 ಲಕ್ಷ, ಬೆಂಗಳೂರಿನ ಮೂರನೇ ಒಂದು ಭಾಗವೂ ಇಲ್ಲ. ಬಹುಪಾಲು ಕಲಹಾರಿ ಮರಳುಗಾಡು. 1966ರಲ್ಲಿ ಬ್ರಿಟಿಷರು ಬಿಟ್ಟುಹೋದಾಗ ಲೋಕದ ಕಡುಬಡ ದೇಶಗಳಲ್ಲಿ ಒಂದಾಗಿತ್ತು. ಮರುವರ್ಷವೇ ಒರಾಪಾ ಅನ್ನುವ ಕಡೆ ವಜ್ರ ಸಿಕ್ಕಿತು. ಆ ದುಡ್ಡನ್ನು ಅವರು ಶಾಲೆ, ರಸ್ತೆ, ಆಸ್ಪತ್ರೆಗೆ ಹಾಕಿದರು. ಅವರ ನಾಣ್ಯದ ಹೆಸರು ಪುಲಾ. ಪುಲಾ ಅಂದರೆ ಮಳೆ. ದುಡ್ಡಿಗೆ ಮಳೆ ಅಂತ ಹೆಸರಿಟ್ಟ ಜನ ಎಷ್ಟು ಬರಗಾಲ ಕಂಡಿರಬೇಕು ಯೋಚಿಸಿ.

ಹಳೆಯ ಕಾಲದಲ್ಲಿ ಅಲ್ಲಿನ ಒಂದು ಕುಟುಂಬ ಮೂರು ಕಡೆ ಬದುಕುತ್ತಿತ್ತು. ಮನೆ ಇರುವ ಹಳ್ಳಿ ಒಂದು. ಉತ್ತು ಬಿತ್ತುವ ಹೊಲ ಇನ್ನೊಂದು ಕಡೆ, ಅದನ್ನು ಮಸಿಮೊ ಅನ್ನುತ್ತಾರೆ. ದನದ ಹಟ್ಟಿ ಇನ್ನೂ ದೂರ, ಅದು ಮೊರಾಕಾ. ಹೊಲದ ಕೆಲಸ ಹೆಂಗಸರದು, ದನ ಗಂಡಸರದು. ಗಂಡುಹುಡುಗರನ್ನು ಆರೇಳು ವರ್ಷಕ್ಕೇ ದನ ಕಾಯಲು ಮೊರಾಕಾಕ್ಕೆ ಕಳಿಸುತ್ತಿದ್ದರು. ಶಾಲೆ ಇದ್ದದ್ದು ಹಳ್ಳಿಯಲ್ಲಿ. ಹಾಗಾಗಿ ಶಾಲೆಯ ಬೆಂಚಿನ ಮೇಲೆ ಕೂತವರು ಹೆಚ್ಚಾಗಿ ಹುಡುಗಿಯರು. ಇವತ್ತಿಗೂ ಅಲ್ಲಿ ಓದುಬರಹ ಬಲ್ಲವರು ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ. ಹೆಣ್ಣುಮಕ್ಕಳಿಗೆ ಓದು ಬರಲಿ ಅಂತ ಯಾರೋ ಯೋಜನೆ ಹಾಕಿ ಆದದ್ದಲ್ಲ ಇದು. ದನಕ್ಕೆ ಬೆಲೆ ಜಾಸ್ತಿ ಇತ್ತು, ಆ ಬೆಲೆಬಾಳುವ ಕೆಲಸ ಗಂಡುಮಕ್ಕಳಿಗೆ ಹೋಯಿತು, ಅಷ್ಟೇ.

ಆಮೇಲೆ ಗಂಡಸರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಹೊರಟರು. ಸಾವಿರಾರು ಜನ ವರ್ಷಗಟ್ಟಲೆ ಅಲ್ಲೇ ಉಳಿದರು. ಮನೆ ಹೆಂಗಸರ ತಲೆಯ ಮೇಲೆ ಬಿತ್ತು. ಅವರಿಗೆ ಹೊಲ ಇತ್ತು, ಎತ್ತು ಇರಲಿಲ್ಲ. ದನ ಮುಟ್ಟುವುದು ಹೆಂಗಸರಿಗೆ ನಿಷಿದ್ಧ ಅನ್ನುವ ಕಟ್ಟಳೆ ಬೇರೆ. ಮಳೆ ಬಿದ್ದ ಮೇಲೆ ಅಣ್ಣನದೋ ಚಿಕ್ಕಪ್ಪನದೋ ಹೊಲ ಉಳುವುದು ಮುಗಿಯಬೇಕು, ಅವರು ಎತ್ತು ಕೊಡಬೇಕು, ಆಮೇಲೆ ಇವಳ ಬಿತ್ತನೆ. ಅಷ್ಟರಲ್ಲಿ ಹದ ಹೋಗಿರುತ್ತಿತ್ತು. ನಮ್ಮ ಕಡೆ ರೈತರ ಮನೆಯಲ್ಲಿ ಬೆಳೆದವರಿಗೆ ಇದರ ಸಂಕಟ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇವತ್ತು ಆ ದೇಶದ ಸುಮಾರು ಅರ್ಧ ಮನೆಗಳಿಗೆ ಹೆಂಗಸರೇ ಯಜಮಾನರು ಅನ್ನುವುದರ ಹಿಂದೆ ಈ ಕಥೆ ಇದೆ. ಮದುವೆ ಆಗುವವರೂ ಕಮ್ಮಿ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ದನ ಕೊಡಬೇಕು, ಅದು ಬೊಗಾಡಿ. ಅನೇಕ ಕಡೆ ಎಂಟು ದನ. ದನದ ಬೆಲೆ ಏರಿದ ಹಾಗೆ ಮದುವೆ ಮುಂದಕ್ಕೆ ಹೋಗುತ್ತದೆ, ಮಕ್ಕಳು ಮೊದಲು ಹುಟ್ಟುತ್ತಾರೆ. ಅಲ್ಲಿ ಅದೇನೂ ಅವಮಾನ ಅಲ್ಲ. ಮಗು ಹುಟ್ಟಿದ ಮೇಲೆ ಹೆಂಗಸನ್ನು ಊರವರು ಮಗುವಿನ ಹೆಸರಿಂದಲೇ ಕರೆಯುತ್ತಾರೆ, ಇಂಥವರ ಅಮ್ಮ ಅಂತ. ಅಮ್ಮನಿಗೆ ಅವರ ಮಾತು ಮ್ಮಾ. ನನಗೆ ಮೊದಲ ದಿನವೇ ಆ ಭಾಷೆ ಹತ್ತಿರ ಅನಿಸಿದ್ದು ಈ ಒಂದು ಪದದಿಂದ.

ಇನ್ನು ಯೂನಿಟಿ ಡೌ ಅವರ ವಿಷಯಕ್ಕೆ ಬರುತ್ತೇನೆ. ಬೋಟ್ಸ್ವಾನಾದ ಹೆಂಗಸರ ಬಗ್ಗೆ ಮಾತಾಡುವವರು ಈ ಹೆಸರನ್ನು ದಾಟಿ ಹೋಗುವ ಹಾಗಿಲ್ಲ.

ಗಾಬೊರೋನ್‌ನಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಮೊಚುಡಿ ಅನ್ನುವ ದೊಡ್ಡ ಹಳ್ಳಿ ಇದೆ. ಯೂನಿಟಿ ಅಲ್ಲಿನ ಹುಡುಗಿ. ವಕೀಲೆಯಾದರು. ಅಮೆರಿಕದವರಾದ ಪೀಟರ್ ಡೌ ಅವರನ್ನು 1984ರಲ್ಲಿ ಮದುವೆಯಾದರು. ಗಂಡ ಅದಕ್ಕೂ ಮೊದಲಿಂದ ಬೋಟ್ಸ್ವಾನಾದಲ್ಲೇ ಇದ್ದವರು. ಇವರಿಗೆ ಮೂರು ಮಕ್ಕಳು. ಮೊದಲ ಮಗು ಮದುವೆಗೆ ಮುಂಚೆ, 1979ರಲ್ಲಿ ಹುಟ್ಟಿದ್ದು. ಇನ್ನಿಬ್ಬರು ಮದುವೆಯ ಮೇಲೆ, 1985 ಮತ್ತು 1987ರಲ್ಲಿ. ಮೂವರೂ ಒಬ್ಬಳೇ ತಾಯಿಯ ಮಕ್ಕಳು. ಮೊದಲನೆಯ ಮಗು ಬೋಟ್ಸ್ವಾನಾದ ಪ್ರಜೆ. ಇನ್ನಿಬ್ಬರು ಪರದೇಶಿಗಳು.

ಯಾಕೆ ಅಂದರೆ 1984ರ ಪೌರತ್ವ ಕಾನೂನು ಹಾಗೆ ಹೇಳುತ್ತಿತ್ತು. ಮದುವೆಯಲ್ಲಿ ಹುಟ್ಟಿದ ಮಗುವಿಗೆ ಅಪ್ಪನ ಪೌರತ್ವ. ಮದುವೆ ಇಲ್ಲದೆ ಹುಟ್ಟಿದ್ದರೆ ಅಮ್ಮನದು. ಅಂದರೆ ಬೋಟ್ಸ್ವಾನಾದ ಹೆಂಗಸು ಹೊರದೇಶದವನ ಜತೆ ಮದುವೆಯಾಗದೆ ಬದುಕಿದರೆ ಅವಳ ಮಕ್ಕಳು ಅವಳ ದೇಶದವರು. ಊರ ಹಿರಿಯರ ಮುಂದೆ ಕಾನೂನುಬದ್ಧವಾಗಿ ಮದುವೆಯಾದರೆ ಅವಳ ಮಕ್ಕಳು ಅವಳ ದೇಶದವರಲ್ಲ. ಅದೇ ಬೋಟ್ಸ್ವಾನಾದ ಗಂಡಸು ಯಾವ ದೇಶದವಳನ್ನು ಮದುವೆಯಾದರೂ ಅವನ ಮಕ್ಕಳಿಗೆ ತೊಂದರೆ ಇಲ್ಲ. ಡೌ ಅವರ ಆ ಇಬ್ಬರು ಮಕ್ಕಳು ಹುಟ್ಟಿದ ಊರಲ್ಲೇ ವಾಸದ ಪರವಾನಗಿ ಇಟ್ಟುಕೊಂಡು ಬದುಕಬೇಕಿತ್ತು. ಪ್ರಯಾಣ ಮಾಡಬೇಕಾದರೆ ಅಪ್ಪನ ಪಾಸ್‌ಪೋರ್ಟಿನ ಮೇಲೆ. ಅಪ್ಪನ ಪರವಾನಗಿಯನ್ನು ಸರ್ಕಾರ ನವೀಕರಿಸದೆ ಹೋದರೆ ಮಕ್ಕಳೂ ಗಂಟುಮೂಟೆ ಕಟ್ಟಬೇಕು. ಅಮ್ಮ ಅದೇ ಮಣ್ಣಿನವಳು ಅನ್ನುವುದು ಲೆಕ್ಕಕ್ಕೇ ಇಲ್ಲ.

1990ರಲ್ಲಿ ಅವರು ಸರ್ಕಾರದ ಮೇಲೆ ಕೇಸು ಹಾಕಿದರು. ಸರ್ಕಾರದ ವಾದ ಏನು ಗೊತ್ತಾ? ಬೋಟ್ಸ್ವಾನಾದ ಸಂವಿಧಾನದ 15ನೇ ವಿಧಿಯಲ್ಲಿ ಜನಾಂಗ, ಬುಡಕಟ್ಟು, ಬಣ್ಣ, ಮತ ಅಂತೆಲ್ಲಾ ಇದೆ, ಇವುಗಳ ಮೇಲೆ ಭೇದ ಮಾಡಬಾರದು ಅಂತ ಇದೆ, ಆದರೆ ಆ ಪಟ್ಟಿಯಲ್ಲಿ ಲಿಂಗ ಅನ್ನುವ ಮಾತಿಲ್ಲ. ಅದು ಮರೆತು ಬಿಟ್ಟದ್ದಲ್ಲ, ಬೇಕಂತಲೇ ಬಿಟ್ಟದ್ದು. ನಮ್ಮದು ಅಪ್ಪನ ವಂಶದ ಸಮಾಜ, ಹೆಂಗಸರಿಗೂ ಗಂಡಸರಿಗೂ ಭೇದ ಮಾಡದೆ ನಮ್ಮ ಕಟ್ಟಳೆ ನಡೆಯುವುದಿಲ್ಲ. ಇಷ್ಟು ಬಿಚ್ಚುಮನಸ್ಸಿನಿಂದ ಸರ್ಕಾರವೊಂದು ಕೋರ್ಟಿನಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಡೌ ಅವರ ವಕೀಲರು 3ನೇ ವಿಧಿ ಎತ್ತಿ ತೋರಿಸಿದರು. ಅಲ್ಲಿ ಎಲ್ಲರಿಗೂ ಮೂಲಭೂತ ಹಕ್ಕು ಇದೆ ಅನ್ನುವಾಗ ಲಿಂಗ ಅನ್ನುವ ಮಾತು ಇದೆ. 1991ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಹಾರ್ವಿಟ್ಜ್ ಡೌ ಪರ ತೀರ್ಪು ಕೊಟ್ಟರು. ಸರ್ಕಾರ ಮೇಲ್ಮನವಿ ಹೋಯಿತು. 1992ರ ಜುಲೈ 3ರಂದು ಮೇಲಿನ ಕೋರ್ಟಿನ ಐವರಲ್ಲಿ ಮೂವರು ಡೌ ಪರ, ಇಬ್ಬರು ವಿರುದ್ಧ. ಒಂದೇ ಒಂದು ಮತ ಆಚೀಚೆ ಆಗಿದ್ದರೆ ಕಥೆ ಬೇರೆ ಇರುತ್ತಿತ್ತು.

ಇಲ್ಲಿ ನಮ್ಮ ದೇಶದ ವಿಷಯ ಒಂದು ಹೇಳಲೇಬೇಕು, ಇದು ಬಹಳ ಜನರಿಗೆ ಗೊತ್ತಿಲ್ಲ. ಅದೇ 1992ರವರೆಗೆ ಭಾರತದ ಪೌರತ್ವ ಕಾನೂನಿನಲ್ಲೂ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದ ಆಧಾರದ ಮೇಲೆ ಪೌರತ್ವ ಸಿಗುತ್ತಿದ್ದದ್ದು ಅಪ್ಪ ಭಾರತೀಯನಾಗಿದ್ದರೆ ಮಾತ್ರ. ಅಮ್ಮ ಭಾರತೀಯಳಾಗಿದ್ದರೆ ಸಾಲುತ್ತಿರಲಿಲ್ಲ. ಆ ವರ್ಷದ ತಿದ್ದುಪಡಿಯಲ್ಲಿ 'ಅಪ್ಪ ಅಥವಾ ಅಮ್ಮ' ಅಂತ ಬದಲಾಯಿತು. ಹಾಗಾಗಿ ಬೋಟ್ಸ್ವಾನಾದ ಕಥೆ ಓದುವಾಗ ಅಯ್ಯೋ ಪಾಪ ಆಫ್ರಿಕಾ ಅಂತ ಅನ್ನಬೇಡಿ.

ತೀರ್ಪು ಬಂದ ಮೇಲೂ ಪೌರತ್ವ ಕಾನೂನು ಬದಲಾದದ್ದು 1995ರಲ್ಲಿ. ಸಂವಿಧಾನದ 15ನೇ ವಿಧಿಗೆ ಲಿಂಗ ಅನ್ನುವ ಮಾತು ಸೇರಿದ್ದು ಇನ್ನೂ ಹತ್ತು ವರ್ಷ ಬಿಟ್ಟು, 2005ರಲ್ಲಿ. ಅಷ್ಟು ದಿನ ಬಿಡದೆ ಬೆನ್ನು ಹತ್ತಿದವರು ಎಮಾಂಗ್ ಬಸಾಡಿ ಅನ್ನುವ ಸಂಘದ ಹೆಂಗಸರು. 1986ರಲ್ಲಿ ಶುರುವಾದದ್ದು. ಹೆಸರಿನ ಅರ್ಥ 'ಹೆಂಗಸರೇ, ಎದ್ದು ನಿಲ್ಲಿ'. ಡೌ 1998ರಲ್ಲಿ ಆ ದೇಶದ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆಯಾದರು. ಆಮೇಲೆ ಮಂತ್ರಿಯೂ ಆದರು.

ಸೆಟ್ಸ್ವಾನಾ ಭಾಷೆಯಲ್ಲಿ ಎರಡು ಗಾದೆಗಳಿವೆ. ಆಗಲೂ ಈಗಲೂ ಜನ ಇವನ್ನೇ ಎತ್ತಿ ಜಗಳ ಆಡುತ್ತಾರೆ. ಒಂದು: ಹೆಣ್ಣು ದನ ಮುಂದೆ ನಡೆದರೆ ಹಿಂಡೆಲ್ಲಾ ಕೊರಕಲಿಗೆ ಬೀಳುತ್ತದೆ. ಇನ್ನೊಂದು: ಮಗುವಿನ ತಾಯಿ ಚಾಕುವನ್ನು ಅಲಗಿನ ಕಡೆಯಿಂದ ಹಿಡಿಯುತ್ತಾಳೆ. ಮಗುವಿಗೆ ಅಪಾಯ ಬಂದಾಗ ತಾಯಿ ಹಿಡಿ ಎಲ್ಲಿದೆ ಅಂತ ಹುಡುಕುತ್ತಾ ಕೂರುವುದಿಲ್ಲ ಅಂತ ಅರ್ಥ. ನನ್ನ ಕ್ಲಾಸಿನಲ್ಲಿ ಹುಡುಗರು ಮೊದಲನೆಯದನ್ನು ಹೇಳಿ ನಕ್ಕರೆ ಹುಡುಗಿಯರು ತಕ್ಷಣ ಎರಡನೆಯದನ್ನು ಎಸೆಯುತ್ತಿದ್ದರು.

1995ರಲ್ಲೇ ಇನ್ನೊಂದು ತೀರ್ಪು ಬಂತು. ಮೊಲೆಪೊಲೊಲೆಯ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಒಂದು ನಿಯಮ ಇತ್ತು. ಬಸುರಿಯಾದ ವಿದ್ಯಾರ್ಥಿನಿ ಕಾಲೇಜು ಬಿಟ್ಟು ಹೋಗಬೇಕು, ಎರಡನೇ ಸಲ ಬಸುರಿಯಾದರೆ ಮತ್ತೆ ಬರುವ ಹಾಗೇ ಇಲ್ಲ. ಮಗುವಿನ ಅಪ್ಪ ಅದೇ ಕಾಲೇಜಿನ ಹುಡುಗನಾಗಿದ್ದರೆ ಅವನ ಪಾಠಕ್ಕೆ ಯಾವ ಅಡ್ಡಿಯೂ ಇಲ್ಲ. ವಿದ್ಯಾರ್ಥಿ ಸಂಘದವರು ಕೋರ್ಟಿಗೆ ಹೋದರು, ನಿಯಮ ಬಿತ್ತು. ಡೌ ಅವರು ತೆರೆದ ಬಾಗಿಲು ಹೀಗೆ ಬೇರೆಯವರಿಗೂ ಬೇಗ ಕೆಲಸಕ್ಕೆ ಬಂತು.

ಗಂಡನ ಅಧಿಕಾರ ಅನ್ನುವ ಒಂದು ಕಾನೂನು ಅಲ್ಲಿತ್ತು. ದಕ್ಷಿಣ ಆಫ್ರಿಕಾದ ಡಚ್ಚರ ಕಾಲದ ಕಾನೂನಿನಿಂದ ಬಂದದ್ದು. ಇಬ್ಬರ ಆಸ್ತಿ ಒಂದು ಅನ್ನುವ ರೀತಿಯ ಮದುವೆಯಲ್ಲಿ ಆ ಒಂದು ಆಸ್ತಿಯ ಯಜಮಾನ ಗಂಡ. ಹೆಂಡತಿ ಬ್ಯಾಂಕ್ ಸಾಲ ತೆಗೆಯಬೇಕಾದರೆ ಗಂಡನ ಒಪ್ಪಿಗೆ ಬೇಕು. ಅವಳು ಅದೇ ಬ್ಯಾಂಕಿನ ಮ್ಯಾನೇಜರ್ ಆಗಿದ್ದರೂ ಬೇಕು! ಮದುವೆಯಾಗದ ಅವಳ ತಂಗಿಗೆ ಬೇಡ. 2004ರಲ್ಲಿ ಈ ಅಧಿಕಾರವನ್ನು ತೆಗೆದುಹಾಕುವ ಕಾನೂನು ಬಂತು. ಒಳ್ಳೆಯ ಕಾನೂನು. ಆದರೆ ಅದು ರಿಜಿಸ್ಟರ್ ಆದ ಸಿವಿಲ್ ಮದುವೆಗಳಿಗೆ ಮಾತ್ರ. ಕುಲದ ಸಂಪ್ರದಾಯದ ಪ್ರಕಾರ ಆದ ಮದುವೆಗಳಿಗೆ, ಧಾರ್ಮಿಕ ಮದುವೆಗಳಿಗೆ ಅನ್ವಯ ಆಗುವುದಿಲ್ಲ ಅಂತ ಅದರಲ್ಲೇ ಬರೆದಿದ್ದಾರೆ. ಹಳ್ಳಿಯ ಬಡ ಹೆಂಗಸರು ಅಲ್ಲೇ ಹೊರಗೆ ಉಳಿದರು.

ನಮ್ಮ ಪಕ್ಕದ ಮನೆಯ ಹಿಂದೆ ಒಂದು ಚಿಕ್ಕ ಮನೆ ಇತ್ತು. ಅಲ್ಲೊಬ್ಬರು ಐವತ್ತು ದಾಟಿದ ಹೆಂಗಸು ಬಾಡಿಗೆಗಿದ್ದರು. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದು ಮಾಗ್ವಿನ್ಯಾ ಕರಿಯುತ್ತಿದ್ದರು. ಮೈದಾ ಹಿಟ್ಟಿನ ಉಂಡೆ, ನಮ್ಮ ಮಂಗಳೂರು ಬನ್ಸನ್ನು ಸಿಹಿ ಬಾಳೆಹಣ್ಣು ಇಲ್ಲದೆ ಮಾಡಿದ ಹಾಗಿರುತ್ತದೆ. ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಬಸ್ ನಿಲ್ದಾಣದಲ್ಲಿ ಮಾರಿ ಆಮೇಲೆ ಡ್ಯೂಟಿಗೆ. ಆ ದುಡ್ಡು ಮೊಟ್ಷೆಲೊಗೆ. ಮೊಟ್ಷೆಲೊ ಅಂದರೆ ನಮ್ಮ ಚೀಟಿ. ಹತ್ತು ಹನ್ನೆರಡು ಹೆಂಗಸರು ತಿಂಗಳು ತಿಂಗಳು ಹಾಕುತ್ತಾರೆ, ಸರದಿಯ ಮೇಲೆ ಒಬ್ಬರು ಎತ್ತುತ್ತಾರೆ. ಸಿಮೆಂಟು, ಶಾಲೆಯ ಯೂನಿಫಾರ್ಮ್, ಸಾವಿನ ಖರ್ಚು ಎಲ್ಲಾ ಇದರಿಂದಲೇ ನಡೆಯುತ್ತದೆ. ಅವರು ತಮ್ಮ ಊರಲ್ಲಿ ಮನೆ ಕಟ್ಟಲು ಸೈಟಿಗೆ ಅರ್ಜಿ ಹಾಕಿ ವರ್ಷಗಳಾಗಿದ್ದವು. ಅಲ್ಲಿ ಹಳ್ಳಿಯ ಜಮೀನನ್ನು ಲ್ಯಾಂಡ್ ಬೋರ್ಡ್ ಹಂಚುತ್ತದೆ, ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ, ಕಾಯಬೇಕು.

ಅವರ ಜತೆ ಇಪ್ಪತ್ತು ವರ್ಷದಿಂದ ಇದ್ದವರು ಮದುವೆಯಾಗೋಣ ಅಂತ ಕೇಳುತ್ತಲೇ ಇದ್ದರು. ಇವರು ಒಪ್ಪುತ್ತಿರಲಿಲ್ಲ. ಒಂದು ದಿನ ಬಟ್ಟೆ ಒಣಗಿಸುತ್ತಾ ನಾನು ಕೇಳಿಯೇಬಿಟ್ಟೆ. ಒದ್ದೆ ಹಚ್ಚಡದ ಒಂದು ತುದಿ ನನ್ನ ಕೈಗೆ ಕೊಟ್ಟು ಇನ್ನೊಂದು ತುದಿ ತಾವು ಹಿಡಿದು ಹಿಂಡುತ್ತಾ ಹೇಳಿದರು: "ಅವನಿಗೆ ಆಗಲೇ ಒಂದು ಸೈಟ್ ಇದೆ ಮ್ಮಾ. ನಾನು ಮದುವೆಯಾದರೆ ಬೋರ್ಡಿನವರು ನನ್ನ ಅರ್ಜಿ ತೆಗೆದು ಹಾಕುತ್ತಾರೆ. ಅವನು ಸತ್ತರೆ ಅವನ ಅಣ್ಣತಮ್ಮಂದಿರು ಬರುತ್ತಾರೆ. ನಾನು ಎಲ್ಲಿಗೆ ಹೋಗಲಿ?"

ಅವರು ಹೇಳಿದ್ದು ಸರಿಯಾಗಿತ್ತು. 2015ರ ಭೂ ನೀತಿಯ ಪ್ರಕಾರ ಗಂಡನಿಗೆ ಸೈಟ್ ಇದ್ದರೆ ಹೆಂಡತಿಗೆ ಬೇರೆ ಸಿಗುತ್ತಿರಲಿಲ್ಲ. ಮದುವೆಯಾಗದವಳಿಗೆ ಸಿಗುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಮಸೀಸಿಯವರ ಸರ್ಕಾರ ಇದನ್ನು ತಿದ್ದಿತು. ಈಗ ಹೆಂಡತಿ ತನ್ನ ಹೆಸರಲ್ಲಿ ಜಮೀನು ಕೇಳಬಹುದು. ಪೌರತ್ವದ ತೀರ್ಪಿಗೂ ಇದಕ್ಕೂ 28 ವರ್ಷದ ಅಂತರ ಇದೆ ನೋಡಿ. ಎರಡರಲ್ಲೂ ಗಂಟು ಒಂದೇ. ಮದುವೆಯಾದ ಹೆಂಗಸನ್ನು ಗಂಡನ ಲೆಕ್ಕದಲ್ಲಿ ಸೇರಿಸಿ ಅವಳ ಹೆಸರು ಅಳಿಸಿಬಿಡುವುದು.

ಹುಟ್ಟಿದ ಮನೆಯಲ್ಲಾದರೂ ಜಾಗ ಇದೆಯಾ ಅಂದರೆ ಅದಕ್ಕೂ ಕೋರ್ಟಿಗೆ ಹೋಗಬೇಕಾಯಿತು. ಗಾಬೊರೋನ್‌ನ ನೈರುತ್ಯಕ್ಕೆ ಕಾನ್ಯೆ ಅಂತ ಊರು, ಬಂಗ್ವಾಕೆಟ್ಸೆ ಕುಲದವರ ಮುಖ್ಯ ಊರು. ಅವರ ಕಟ್ಟಳೆಯಲ್ಲಿ ಅಪ್ಪ ಅಮ್ಮನ ಮನೆ ಕೊನೆಯ ಗಂಡುಮಗನಿಗೆ. ಎಡಿತ್ ಮ್ಮೂಸಿ ಅನ್ನುವ ಎಂಬತ್ತರ ಆಸುಪಾಸಿನ ಅಜ್ಜಿ ಆ ಮನೆಯಲ್ಲಿ ವಾಸ ಇದ್ದರು. ಅವರೂ ಅಕ್ಕತಂಗಿಯರೂ ಸ್ವಂತ ದುಡ್ಡು ಹಾಕಿ ಮನೆ ಉಳಿಸಿಕೊಂಡು ಬೆಳೆಸಿದ್ದರು. ಮಲ ಸಹೋದರನ ಮಗ ಬಂದು, ಮನೆ ನನ್ನದು, ಬಿಡಿ ಅಂದ. ಕುಲದ ಮೇಲಿನ ನ್ಯಾಯಾಲಯ ಅವನ ಪರ ಹೇಳಿತು. ಅಜ್ಜಿ ಮತ್ತು ಮೂವರು ತಂಗಿಯರು ಹೈಕೋರ್ಟಿಗೆ ಹೋದರು. ಸರ್ಕಾರದ ಅಟಾರ್ನಿ ಜನರಲ್ ಅಲ್ಲಿ ಹೇಳಿದ್ದು: ಈ ಕಟ್ಟಳೆಯಲ್ಲಿ ಭೇದ ಇದೆ ನಿಜ, ಆದರೆ ನಮ್ಮ ಸಮಾಜ ಸಮಾನತೆಗೆ ಇನ್ನೂ ತಯಾರಾಗಿಲ್ಲ.

2012ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೀ ಡಿಂಗಾಕೆ ತೀರ್ಪು ಕೊಟ್ಟರು. ಹುಟ್ಟಲು ಒದ್ದಾಡುತ್ತಿರುವ ಹೊಸ ಲೋಕಕ್ಕೆ ನ್ಯಾಯಾಧೀಶರು ಸೂಲಗಿತ್ತಿಯರಾಗಬೇಕಾದ ಹೊತ್ತು ಬಂದಿದೆ ಅಂತ ಅದರಲ್ಲಿ ಬರೆದರು. ಕೋರ್ಟಿನ ಭಾಷೆಯಲ್ಲಿ ಸೂಲಗಿತ್ತಿಯ ಮಾತು ಬಂದದ್ದು ಓದಿ ನನಗೆ ಕಣ್ಣು ತುಂಬಿತ್ತು. 2013ರ ಸೆಪ್ಟೆಂಬರಿನಲ್ಲಿ ಮೇಲಿನ ಕೋರ್ಟ್ ಕೂಡ ಅಜ್ಜಿಯರ ಪರವೇ ನಿಂತಿತು. ಕಟ್ಟಳೆ ಅನ್ನುವುದು ಕಲ್ಲಲ್ಲ, ಜನ ಬದಲಾದ ಹಾಗೆ ಅದೂ ಬದಲಾಗುತ್ತದೆ ಅನ್ನುವ ದಾರಿಯಲ್ಲಿ ಆ ತೀರ್ಪು ಹೋಗುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಕರ್ನಾಟಕದಲ್ಲಿ ಕಾನೂನು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ತನಕ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವ ಹಾಗಿಲ್ಲ ಅನ್ನುವ ಕಲಮನ್ನು ತೆಗೆದದ್ದೂ ಆ 2005ರಲ್ಲೇ. ಮನೆ ಅನ್ನುವುದು ಎಲ್ಲಾ ಕಡೆ ಕೊನೆಗೇ ಬಿಡುವ ಆಸ್ತಿ, ಅಲ್ವಾ?

ಈಗ ನಿಮ್ಮ ಭಯದ ವಿಷಯ, ಹಿಂಸೆ.

ಅಲ್ಲಿ ಮದುವೆಗೆ ಮುಂಚೆ ಮದುಮಗಳನ್ನು ಮದುವೆಯಾದ ಹಿರಿ ಹೆಂಗಸರು ಸುತ್ತ ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ನಾನು ಒಂದು ಸಲ ಹೊರಗೆ ಬಾಗಿಲ ಹತ್ತಿರ ಕೂತು ಕೇಳಿಸಿಕೊಂಡಿದ್ದೇನೆ, ಮದುವೆಯಾಗದವರಿಗೆ ಒಳಗೆ ಪ್ರವೇಶ ಇಲ್ಲ, ಆಗ ನನಗೆ ಮದುವೆಯಾಗಿರಲಿಲ್ಲ. ಎಲ್ಲರ ಹೆಗಲ ಮೇಲೂ ಚೌಕುಳಿಯ ದಪ್ಪ ಶಾಲು, ತಲೆಗೆ ಬಟ್ಟೆ. ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಹುಡುಗಿ ತಲೆ ತಗ್ಗಿಸಿದ್ದಳು. ಒಬ್ಬೊಬ್ಬರಾಗಿ ಹೇಳುತ್ತಾ ಹೋದರು. ಗಂಡ ಎಲ್ಲಿಂದ ಬಂದ ಅಂತ ಕೇಳಬೇಡ. ಮನೆಯ ಮಾತು ಹೊರಗೆ ಹೇಳಬೇಡ. ತಾಳಿಕೋ. ಆ ತಾಳಿಕೋ ಅನ್ನುವ ಮಾತು ಎಷ್ಟು ಸಲ ಬಂತು ಅಂದರೆ ಭಾಷೆ ಸರಿಯಾಗಿ ಬಾರದ ನನಗೂ ಬಾಯಿಪಾಠ ಆಯಿತು. ಅದನ್ನು ಹೇಳುತ್ತಿದ್ದವರಲ್ಲಿ ಇಬ್ಬರು ಶಾಲೆಯ ಮುಖ್ಯೋಪಾಧ್ಯಾಯಿನಿಯರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ತಮಗೆ ಗೊತ್ತಿದ್ದ ಒಂದೇ ದಾರಿಯನ್ನು ಪ್ರೀತಿಯಿಂದಲೇ ಹೇಳಿಕೊಡುತ್ತಿದ್ದರು.

2012ರಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯಲ್ಲಿ ಮೂವರಲ್ಲಿ ಇಬ್ಬರು ಹೆಂಗಸರು ಬದುಕಿನಲ್ಲಿ ಒಮ್ಮೆಯಾದರೂ ಒಂದಲ್ಲ ಒಂದು ರೀತಿಯ ಹಿಂಸೆ ಅನುಭವಿಸಿದ್ದೇವೆ ಅಂದಿದ್ದರು. ಬರೀ ಹೊಡೆತ ಅಲ್ಲ, ಬೈಗುಳ, ದುಡ್ಡು ಕೊಡದೆ ಸತಾಯಿಸುವುದೂ ಇದರಲ್ಲಿ ಸೇರಿದೆ. ಹಾಗಿದ್ದರೂ ಸಣ್ಣ ಲೆಕ್ಕ ಅಲ್ಲ. ಮನೆಯೊಳಗಿನ ಹಿಂಸೆಯ ವಿರುದ್ಧ ಕಾನೂನು 2008ರಲ್ಲೇ ಬಂದಿದೆ. 2020ರಲ್ಲಿ ಇಂಥ ಕೇಸುಗಳಿಗೆ ವಿಶೇಷ ಕೋರ್ಟುಗಳನ್ನು ಮಾಡಿದರು. ಆದರೆ ಗಂಡ ಹೆಂಡತಿಯ ಮೇಲೆ ಮಾಡುವ ಅತ್ಯಾಚಾರವನ್ನು ಅಲ್ಲಿನ ದಂಡ ಸಂಹಿತೆ ಅಪರಾಧ ಅಂತ ಸ್ಪಷ್ಟವಾಗಿ ಹೇಳಿಲ್ಲ. ಮತ್ತೆ ಅದೇ ಮದುವೆಯ ಬಾಗಿಲು. ನಮ್ಮ ಹೊಸ ನ್ಯಾಯ ಸಂಹಿತೆಯಲ್ಲೂ ಗಂಡನಿಗೆ ಆ ವಿನಾಯಿತಿ ಹಾಗೇ ಉಳಿದಿದೆ. ಈ ವಿಷಯದಲ್ಲಿ ನಾವು ಅವರಿಗೆ ಪಾಠ ಹೇಳುವ ಜಾಗದಲ್ಲಿ ಇಲ್ಲ.

ತಾಳಿಕೋ ಅನ್ನುವ ಬುದ್ಧಿಮಾತಿಗೆ ಹೆಂಗಸರು ತೆತ್ತ ಬೆಲೆ ಎಚ್‌ಐವಿ. ಗಂಡ ಎಲ್ಲಿಂದ ಬಂದ ಅಂತ ಕೇಳಬಾರದು ಅಂದರೆ ಕಾಂಡೋಮ್ ಹಾಕಿಕೋ ಅಂತ ಹೇಗೆ ಹೇಳುತ್ತಾಳೆ? 2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 64 ವಯಸ್ಸಿನ ಗಂಡಸರಲ್ಲಿ ನೂರಕ್ಕೆ 15 ಮಂದಿಗೆ ಸೋಂಕು ಇದ್ದರೆ ಹೆಂಗಸರಲ್ಲಿ ನೂರಕ್ಕೆ 26. ಆದರೆ ಆ ಸರ್ಕಾರ ಮಾಡಿದ ಕೆಲಸವನ್ನೂ ಹೇಳಬೇಕು. 2002ರಿಂದಲೇ ಔಷಧ ಪುಕ್ಕಟೆ. ಆಫ್ರಿಕಾದಲ್ಲಿ ಅದು ದೊಡ್ಡ ಹೆಜ್ಜೆ. ತಾಯಿಯಿಂದ ಮಗುವಿಗೆ ಸೋಂಕು ಹೋಗುವುದನ್ನು ಎಷ್ಟು ಇಳಿಸಿದರು ಅಂದರೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕಾಗಿ ಅವರನ್ನು ಗುರುತಿಸಿತು. ಸೋಂಕು ಇಷ್ಟು ಜಾಸ್ತಿ ಇರುವ ದೇಶಗಳಲ್ಲಿ ಆ ಮಟ್ಟ ಮುಟ್ಟಿದ ಮೊದಲನೆಯದು ಬೋಟ್ಸ್ವಾನಾ.

ಪಾರ್ಲಿಮೆಂಟಿನ ಮಾತು ನೀವು ಓದಿದ್ದು ನಿಜ. 2019ರಲ್ಲೂ 2024ರಲ್ಲೂ ಚುನಾವಣೆಯಲ್ಲಿ ಗೆದ್ದ ಹೆಂಗಸರನ್ನು ಒಂದೇ ಕೈಬೆರಳುಗಳಲ್ಲಿ ಎಣಿಸಬಹುದು. ಅಲ್ಲಿ ನಮ್ಮ ಹಾಗೇ ಒಂದು ಕ್ಷೇತ್ರಕ್ಕೆ ಒಬ್ಬರು, ಮೀಸಲಾತಿ ಇಲ್ಲ, ಟಿಕೆಟ್ ಗಂಡಸರಿಗೆ. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ಪಕ್ಷದ ಪಟ್ಟಿಗೆ ಓಟು ಹಾಕುವ ಪದ್ಧತಿ, ಹತ್ತರಲ್ಲಿ ನಾಲ್ಕಕ್ಕಿಂತ ಜಾಸ್ತಿ ಸದಸ್ಯರು ಹೆಂಗಸರು. ಇನ್ನೊಂದು ಪಕ್ಕದ ನಮೀಬಿಯಾದಲ್ಲಿ 2025ರಿಂದ ಅಧ್ಯಕ್ಷೆಯೇ ಹೆಂಗಸು. ಆದರೆ ಬೋಟ್ಸ್ವಾನಾದ ಕುಲಗಳ ಕಥೆ ಬೇರೆ ದಾರಿ ಹಿಡಿಯಿತು. ರಾಮೊಟ್ಸ್ವಾ ಅನ್ನುವ ಊರಲ್ಲಿ 2003ರಲ್ಲಿ ಬಲೆಟೆ ಕುಲದ ಮುಖ್ಯಸ್ಥೆಯಾಗಿ ಪಟ್ಟಕ್ಕೆ ಬಂದವರು ಮೊಸಾಡಿ ಸೆಬೊಕೊ. ಆ ದೇಶದ ದೊಡ್ಡ ಕುಲಗಳಲ್ಲಿ ಹೀಗೆ ಪಟ್ಟಕ್ಕೆ ಬಂದ ಮೊದಲ ಹೆಂಗಸು. ಕುಲಗಳ ಮುಖ್ಯಸ್ಥರ ಸಭೆಗೂ ಅವರು ಅಧ್ಯಕ್ಷೆಯಾದರು. ಮೊಸಾಡಿ ಅನ್ನುವ ಪದಕ್ಕೆ ಅರ್ಥವೇ ಹೆಂಗಸು.

ನಿಮ್ಮ ಮಗಳ ವಿಷಯ. ಅವಳು ಕೆಲಸಕ್ಕೆ ಹೋಗುವ ಕಡೆ ಹೆಂಗಸರು ತುಂಬಾ ಜನ ಇರುತ್ತಾರೆ, ಗೌರವ ಸಿಗುತ್ತದೆ. ಕೆಲಸದ ಪರವಾನಗಿ, ವಾಸದ ಪರವಾನಗಿಯ ಪ್ರತಿಗಳು ಯಾವಾಗಲೂ ಅವಳ ಹತ್ತಿರವೇ ಇರಲಿ, ಕಂಪನಿಯವರ ಹತ್ತಿರ ಬಿಡಬಾರದು. ರಾತ್ರಿ ಒಬ್ಬಳೇ ನಡೆದು ಓಡಾಡುವುದು ಬೇಡ, ಫೋನ್ ಕಿತ್ತುಕೊಳ್ಳುವವರು ಇದ್ದಾರೆ. ಪೊಲೀಸ್ ನಂಬರ್ 999, ಆಂಬುಲೆನ್ಸ್ 997. ಮನೆಯೊಳಗಿನ ಹಿಂಸೆಗೆ ಸಿಕ್ಕವರಿಗೆ ಆಸರೆ ಕೊಡುವ ಸಂಸ್ಥೆ ಗಾಬೊರೋನ್‌ನಲ್ಲಿ ಇದೆ. ಮೊದಲು ಅದನ್ನು ಕಗಿಸಾನೊ ಅನ್ನುತ್ತಿದ್ದರು. ಅವಳಿಗೆ ಬೇಕಾಗದಿರಲಿ, ಜತೆಗೆ ಕೆಲಸ ಮಾಡುವ ಯಾರಿಗಾದರೂ ಬೇಕಾಗಬಹುದು.

ಯಾರಾದರೂ ಎದುರಾದರೆ ಕೆಲಸದ ಮಾತಿಗೆ ಮುಂಚೆ 'ಡುಮೆಲಾ ಮ್ಮಾ' ಅನ್ನಬೇಕು, ಗಂಡಸರಾದರೆ 'ಡುಮೆಲಾ ರ್ರಾ'. ಅಂಗಡಿಯಲ್ಲೂ ಅಷ್ಟೇ. ನಮಸ್ಕಾರ ಹೇಳದೆ ಬೆಲೆ ಕೇಳಿದರೆ ಅಲ್ಲಿ ಅದು ಒರಟುತನ. ಹಳ್ಳಿಯ ಸಭೆಗೆ, ಅದನ್ನು ಕೊಟ್ಲಾ ಅನ್ನುತ್ತಾರೆ, ಹೋಗುವ ಸಂದರ್ಭ ಬಂದರೆ ಪ್ಯಾಂಟ್ ಬೇಡ, ಉದ್ದ ಲಂಗ ಹಾಕಿಕೊಂಡು ಹೆಗಲಿಗೆ ಶಾಲು ಹೊದೆಯಲಿ. ಆಫೀಸಿನ ಹೆಂಗಸರು ಮೊಟ್ಷೆಲೊಗೆ ಕರೆದರೆ ಸಣ್ಣ ಮೊತ್ತದಲ್ಲಿ ಸೇರಿಕೊಳ್ಳಲಿ. ಅಲ್ಲಿ ಸ್ನೇಹ ಆಗುವುದೇ ಅದರಿಂದ. ತೊಗರಿಬೇಳೆ, ಸಾಂಬಾರ್ ಪುಡಿ ಗಾಬೊರೋನ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಚೀಲ ತುಂಬಿಸಬೇಡಿ. ಅದರ ಬದಲು ಒಂದು ದಪ್ಪ ಸ್ವೆಟರ್ ಇಡಿ. ಜೂನ್, ಜುಲೈಯಲ್ಲಿ ಅಲ್ಲಿ ಚಳಿಗಾಲ. ಹಗಲು ಬಿಸಿಲು ಚೆನ್ನಾಗಿರುತ್ತದೆ, ರಾತ್ರಿ ಮೈ ಕೊರೆಯುತ್ತದೆ.